ಎಪ್ಪಿಂಗ್ ಬೇಸ್‌ಮೆಂಟಿನ ಮದ್ದಳೆ

ಸೈಲೆನ್ಸರ್ ವಿಷಯದಲ್ಲಿ ನಂಬಬಹುದಾದ ಕಿವಿಗಳು ಇಡೀ ಆಸ್ಟ್ರೇಲಿಯಾದಲ್ಲಿ ಎರಡೇ ಎರಡು. ಎರಡೂ ನನ್ನ ತಲೆಗೇ ಅಂಟಿಕೊಂಡಿವೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಬೇರೆ ಯಾರೂ ಹೇಳುವುದಿಲ್ಲವಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿರುವ ನನ್ನ ಶೆಡ್ಡಿನೊಳಗೆ ಕಣ್ಣು ಮುಚ್ಚಿ ಮಲಗಿದ್ದರೂ, ರಸ್ತೆಯಲ್ಲಿ ಹಾದು ಹೋಗುವ ಹಳೆಯ ವಿ-ಏಯ್ಟ್ ಕಾರಿನ ಎಂಟು ಸಿಲಿಂಡರುಗಳಲ್ಲಿ ಯಾವುದಕ್ಕೆ ನೆಗಡಿಯಾಗಿದೆ ಎಂದು ಹೇಳಬಲ್ಲೆ.

ನನ್ನ ಹೆಂಡತಿ ಜಲಜಾಕ್ಷಿಗೆ ಇದರ ಬಗ್ಗೆ ಗೌರವವಿಲ್ಲ. "ನಾನು ಮೂರು ಸಲ ಕರೆದದ್ದು ನಿಮಗೆ ಕೇಳುದಿಲ್ಲ, ರಸ್ತೆಯಲ್ಲಿ ಹೋಗುವ ಕಾರಿಂದು ಮಾತ್ರ ಕೇಳ್ತದೆ" ಎನ್ನುತ್ತಾಳೆ. ಅದು ಕಿವಿಯ ದೋಷವಲ್ಲ, ಆಯ್ಕೆ.

ಹುಡುಗನಾಗಿದ್ದಾಗ ಪಡುಬಿದ್ರಿ ಕಡೆಯ ಒಂದು ಯಕ್ಷಗಾನ ಮೇಳದಲ್ಲಿ ಎರಡು ವರ್ಷದ ತಿರುಗಾಟದಲ್ಲಿ ಮದ್ದಳೆ ಬಾರಿಸಿದವನು ನಾನು, ಸೇಸಪ್ಪ. ನಾನು ಬಾರಿಸಿದರೆ ಮೂರು ಊರಾಚೆ ಬಾವಿಯ ನೀರು ಅಲುಗುತ್ತಿತ್ತು. ಚಂಡೆ ಕಿವಿಗೆ ಬಡಿಯುತ್ತದೆ, ಮದ್ದಳೆ ಎದೆಗೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಸೈಲೆನ್ಸರ್ ಶಾಸ್ತ್ರದ ಮುಕ್ಕಾಲು ಪಾಲು ಗೊತ್ತಾದಂತೆ. ಗೊತ್ತಿಲ್ಲದವರೆಲ್ಲ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ.

ಅಂಥವರಲ್ಲೊಬ್ಬ ಗಿರೀಶ. ಊರು ಮೈಸೂರು, ಮನೆ ಸಿಡ್ನಿಯ ಎಪ್ಪಿಂಗ್‌ನ ಒಂದು ಅಪಾರ್ಟ್‌ಮೆಂಟು. ಮೆಲ್ಬರ್ನಿನ ಇನ್ನೊಂದು ತುದಿಯಲ್ಲಿರುವ ವಿಂಡಮ್ ವೇಲ್‌ನ ಒಬ್ಬ ಮುದುಕನ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ಹೊದಿಕೆಯಡಿ ಮಲಗಿದ್ದ ಎಪ್ಪತ್ಮೂರರ ಫಾಲ್ಕನ್ ಕೂಪೆಯನ್ನು ಕೊಂಡು, ಲಾರಿಯ ಮೇಲೆ ಹೇರಿಕೊಂಡು ನನ್ನ ಶೆಡ್ಡಿಗೆ ಬಂದಿದ್ದ. ಕಿತ್ತಳೆ ಬಣ್ಣದ ಕಾರು. ಮುಂದೆ ನಿಂತರೆ ನಮ್ಮನ್ನೇ ಗದರಿಸುವ ಹಾಗಿತ್ತು. ಅದರ ಸೈಲೆನ್ಸರುಗಳು ಮಾತ್ರ ತುಕ್ಕು ಹಿಡಿದು ಹಪ್ಪಳವಾಗಿದ್ದವು.

"ಅಂಕಲ್, ಒಂದು ಪ್ರಾಬ್ಲಮ್ ಇದೆ" ಎಂದ ಗಿರೀಶ. ಈ ಜನಕ್ಕೆ ಪ್ರಾಬ್ಲಮ್ ಇಲ್ಲದೆ ಬೆಳಗಾಗುವುದಿಲ್ಲ. "ನಮ್ಮ ಬಿಲ್ಡಿಂಗ್ ಕಮಿಟಿಯವರು ಲೆಟರ್ ಕೊಟ್ಟಿದಾರೆ. ಮುಂದಿನ ಶನಿವಾರ ಬೇಸ್‌ಮೆಂಟಲ್ಲಿ ಕಾರ್ ಸ್ಟಾರ್ಟ್ ಮಾಡಿ ತೋರಿಸ್ಬೇಕಂತೆ. ಸೌಂಡ್ ಜಾಸ್ತಿ ಅಂತ ಅವರಿಗನ್ನಿಸಿದ್ರೆ ಪಾರ್ಕಿಂಗ್ ಇಲ್ಲ."

"ಬೀದಿಯಲ್ಲಿ ನಿಲ್ಲಿಸಿ."

"ನನ್ ವೈಫ್ ಜಯಾ ಒಪ್ಪಲ್ಲ ಅಂಕಲ್. ಬೇಸ್‌ಮೆಂಟಲ್ಲಿ ಜಾಗ ಸಿಕ್ಕಿಲ್ಲ ಅಂದ್ರೆ ಮಾರ್ಬಿಡಬೇಕು ಅಂತ ಮೊದ್ಲೇ ಪ್ರಾಮಿಸ್ ತಗೊಂಡಿದಾಳೆ. ನಾನು ಹನ್ನೆರಡನೇ ವಯಸ್ಸಿಂದ ಇಂಥ ಕಾರಿನ ಫೋಟೋನ ಪುಸ್ತಕದ ಒಳಗೆ ಇಟ್ಕೊಂಡಿದ್ದವನು."

ಹೀಗೆ ಹೇಳುವಾಗ ಅವನ ಕಣ್ಣು ಸ್ವಲ್ಪ ಒದ್ದೆಯಾಯಿತು. ನಾನು ಮುಖ ತಿರುಗಿಸಿ ಸ್ಪ್ಯಾನರ್ ಹುಡುಕಿದೆ.

ಸೈಲೆನ್ಸರ್ ಎಂದರೇನು? ಡಬ್ಬ. ಇಲ್ಲಿಯವರು ಮಫ್ಲರ್ ಎನ್ನುತ್ತಾರೆ. ಒಳಗೇನಿದೆ ಎನ್ನುವುದರ ಮೇಲೆ ಅದರ ಗುಣ. ಗಿರೀಶನ ಮುಂದೆ ಮೂರು ಬಗೆ ಇಟ್ಟೆ. ಒಂದರೊಳಗೆ ತೂತು ಕೊರೆದ ನೇರ ಕೊಳವೆ. ಹೊಗೆಯೂ ನೇರ ಹೋಗುತ್ತದೆ, ಸದ್ದೂ ನೇರ ಹೋಗುತ್ತದೆ, ನೆರೆಮನೆಯವರ ಸ್ನೇಹವೂ ನೇರ ಹೋಗುತ್ತದೆ. ಅದು ಚಂಡೆ. ಇನ್ನೊಂದರೊಳಗೆ ಉಕ್ಕಿನ ಗೋಡೆ ಕಟ್ಟಿದ ಕೋಣೆಗಳು. ಚೀರಾಟವೆಲ್ಲ ಆ ಗೋಡೆಗಳಿಗೆ ಬಡಿದು ಸತ್ತು, ಗಂಭೀರವಾದದ್ದು ಮಾತ್ರ ಹೊರಗೆ ಬರುತ್ತದೆ. ಅದು ಮದ್ದಳೆ. ಮೂರನೆಯದರಲ್ಲಿ ಕೊಳವೆ ಹಾವಿನ ಹಾಗೆ ಸುತ್ತಿ ಸುತ್ತಿ ಬರುತ್ತದೆ. ಹೊರಗೆ ಬರುವಷ್ಟರಲ್ಲಿ ಇಂಜಿನ್ನಿನ ಸದ್ದು ನಿವೃತ್ತ ಮೇಷ್ಟ್ರು ಲೈಬ್ರರಿಯಲ್ಲಿ ಕೆಮ್ಮಿದ ಹಾಗಿರುತ್ತದೆ.

ಮೂರನ್ನೂ ಒಂದೊಂದಾಗಿ ಕಾರಿಗೆ ಕಟ್ಟಿ ಸ್ಟಾರ್ಟ್ ಮಾಡಿದೆ. ಗಿರೀಶ ಏನು ಮಾಡಿದ? ಕಿವಿ ಕೊಟ್ಟು ಕೇಳಿದನೇ? ಕೊಳವೆಯ ಹಿಂದೆ ನಿಂತು ಎದೆ ಕೊಟ್ಟನೇ? ಇಲ್ಲ. ಫೋನು ಹಿಡಿದು ಮೂರನ್ನೂ ವಾಯ್ಸ್ ಮೆಸೇಜಿನಲ್ಲಿ ತುಂಬಿಸಿ, ‘ಎಪ್ಪಿಂಗ್ ಕನ್ನಡ ಬಳಗ’ ಎಂಬ ವಾಟ್ಸಾಪ್ ಗುಂಪಿಗೆ ಹಾಕಿ, ವೋಟು ಕೇಳಿದ!

ಇಪ್ಪತ್ತು ನಿಮಿಷದಲ್ಲಿ ತೊಂಬತ್ತು ವೋಟು ಬಿತ್ತು. ಆ ತೊಂಬತ್ತು ಜನರಲ್ಲಿ ಕಾರಿನ ಅಡಿ ಭಾಗ ನೋಡಿದವರು ಯಾರೂ ಇರಲಿಲ್ಲ, ಟಯರು ಬದಲಿಸಿದವನೊಬ್ಬ ಇದ್ದರೆ ಹೆಚ್ಚು. "ಒನ್ ತುಂಬಾ ಸೂದಿಂಗ್ ಆಗಿದೆ ಬ್ರೋ" ಎಂದು ಒಬ್ಬ ಬರೆದಿದ್ದ. "ಇದು ನಿಮ್ಮ ಹೊಸಾ ವಾಷಿಂಗ್ ಮಷೀನಾ?" ಎಂದು ಒಬ್ಬಾಕೆ ಕೇಳಿದ್ದಳು. ಇನ್ನೊಬ್ಬರು ಗಣಪತಿಯ ಚಿತ್ರದ ಜೊತೆ ಶುಭೋದಯ ಕಳಿಸಿದ್ದರು. ಅದನ್ನೂ ಗಿರೀಶ ಒಂದನೆಯದರ ಪರವಾಗಿ ಸೇರಿಸಿಕೊಂಡನೋ ಏನೋ. ಅರವತ್ತೊಂದು ವೋಟು ಪಡೆದು ಗೆದ್ದದ್ದು ಆ ನೇರ ಕೊಳವೆ, ಸತ್ತವರನ್ನೂ ಎಬ್ಬಿಸುವಂಥದ್ದು!

"ಮಾರಾಯ್ರೆ," ಎಂದೆ, "ಫೋನು ಇರುವುದು ಮನುಷ್ಯರ ಮಾತು ಕೇಳ್ಲಿಕ್ಕೆ. ಹಿಂದೆ ಒಂದೇ ಸಮ ಗುಡುಗುಡು ಅಂತ ಇದ್ದದ್ದನ್ನೆಲ್ಲ ಅದು ಗಲಾಟೆ ಅಂತ ಒರೆಸಿ ಹಾಕ್ತದೆ. ನಿಮ್ಮ ಅರವತ್ತೊಂದು ಜನ ಕೇಳಿದ್ದು ಕಾರನ್ನಲ್ಲ, ಕಾರನ್ನು ಒರೆಸಿದ ಮೇಲೆ ಉಳಿದ ಕಲೆಯನ್ನು."

"ಆದ್ರೂ ಮೆಜಾರಿಟಿ ಅಂಕಲ್..."

"ಸರಿ. ಮೆಜಾರಿಟಿಯನ್ನು ಕೂರಿಸಿಕೊಂಡು ಒಂದು ರೌಂಡು ಹೋಗಿ ಬನ್ನಿ."

ಕಟ್ಟಿಕೊಟ್ಟೆ. ಹೋದ. ಮೊದಲನೆಯ ತಿರುವಿನಲ್ಲಿ ಅವನು ಆಕ್ಸಿಲರೇಟರ್ ಒತ್ತಿದಾಗ ಕ್ರಾನ್‌ಬರ್ನ್‌ನ ಸಮಸ್ತ ನಾಯಿಗಳು ಒಂದೇ ಶ್ರುತಿಯಲ್ಲಿ ಊಳಿಟ್ಟವು. ಎರಡು ಮೈಲಿ ಆಚೆ ಕೋಳಿಯೊಂದು ಚಿಪ್ಪಿಲ್ಲದ ಮೊಟ್ಟೆ ಇಟ್ಟಿತೆಂದು ಆಮೇಲೆ ಕೇಳಿಬಂತು. ಐದು ನಿಮಿಷದಲ್ಲಿ ಗಿರೀಶ ವಾಪಸು ಬಂದ. ಮುಖ ಇಡ್ಲಿಯಂತಾಗಿತ್ತು.

"ಅಂಕಲ್, ಅತೀ ಸೈಲೆಂಟ್ ಯಾವುದೋ ಅದನ್ನೇ ಹಾಕ್ಬಿಡಿ. ಆ ಮೂರನೇದು. ಕಾರ್ ಉಳಿದ್ರೆ ಸಾಕು."

ನೋಡಿ, ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಮಾಡಿದ್ದಕ್ಕೆ ಪಶ್ಚಾತ್ತಾಪವೇನೂ ಇಲ್ಲ. ಆ ಇಂಜಿನ್ನಿಗೆ ಹಾವಿನ ಡಬ್ಬ ಕಟ್ಟುವುದೆಂದರೆ ಹುಲಿವೇಷದವನಿಗೆ ಸ್ವೆಟರ್ ತೊಡಿಸಿದ ಹಾಗೆ. ನನ್ನ ಕೈ ಬರಲಿಲ್ಲ. "ಆಯ್ತು" ಎಂದು ಹೇಳಿ, ಅವನು ಟೀ ಕುಡಿಯಲು ಮನೆಯೊಳಗೆ ಹೋದಾಗ ಎರಡನೆಯದನ್ನೇ, ಮದ್ದಳೆಯನ್ನೇ ಕಟ್ಟಿದೆ. ಅಷ್ಟಕ್ಕೇ ಬಿಡಲಿಲ್ಲ. ಎಡದ ಕೊಳವೆಗೂ ಬಲದ ಕೊಳವೆಗೂ ನಡುವೆ ಒಂದು ಅಡ್ಡ ಕೊಳವೆ ಬೆಸೆಯಬೇಕು; ಆಗ ಎರಡೂ ಕಡೆಯ ನಾಲ್ಕು ನಾಲ್ಕು ಸಿಲಿಂಡರುಗಳು ಜಗಳ ಬಿಟ್ಟು ತಾಳ ಹಿಡಿಯುತ್ತವೆ. ಎಲ್ಲಿ ಬೆಸೆಯಬೇಕು ಎಂದು ತಿಳಿಯಲು ಉಳಿದವರು ಕಂಪ್ಯೂಟರ್ ನೋಡುತ್ತಾರೆ. ನಾನು ಕೊಳವೆಗೆ ಅಗ್ಗದ ಪೇಂಟು ಬಳಿದು ಇಂಜಿನ್ ಓಡಿಸಿದೆ. ಪೇಂಟು ಮೊದಲು ಎಲ್ಲಿ ಸುಟ್ಟು ಕರಕಾಯಿತೋ ಅಲ್ಲೇ ಬೆಸುಗೆ ಹಾಕಿದೆ. ಸ್ಟಾರ್ಟ್ ಮಾಡಿದರೆ, ಅಬ್ಬ! ಶೆಡ್ಡಿನ ತಗಡು ಸಣ್ಣಗೆ ತಲೆಯಾಡಿಸಿತು.

"ಸ್ವಲ್ಪ ಜೋರಾಯ್ತಲ್ವಾ?" ಎಂದ ಗಿರೀಶ, ಟೀ ಲೋಟ ಹಿಡಿದು ಬಂದು.

"ಇದಕ್ಕಿಂತ ಮೆತ್ತಗೆ ಮಾಡಿದ್ರೆ ಇಂಜಿನ್ನಿಗೆ ಉಬ್ಬಸ ಬರ್ತದೆ" ಎಂದೆ. ಶುದ್ಧ ಸುಳ್ಳು. ಅವನು ನಂಬಿದ. ಆದರೂ ಭಯಕ್ಕೆ ನನ್ನನ್ನೂ ಸಿಡ್ನಿಗೆ ಕರೆದ. ಕಮಿಟಿ ಏನಾದರೂ ಕೇಳಿದರೆ ಉತ್ತರಿಸಲು ಒಬ್ಬರು ಬೇಕಲ್ಲ. ನಾನು ತಕ್ಷಣ ಹೊರಟೆ. ನನಗೆ ಬೇಕಿದ್ದದ್ದು ಸಭೆ. ಇಷ್ಟು ದೊಡ್ಡ ಕೆಲಸ ಮಾಡಿ ನಾಲ್ಕು ಜನ ಕೇಳದಿದ್ದರೆ ಏನು ಸುಖ?

ಒಂಬೈನೂರು ಕಿಲೋಮೀಟರ್ ಹ್ಯೂಮ್ ಹೈವೇಯಲ್ಲಿ ಲಾರಿಯವರೆಲ್ಲ ನಮಗೆ ಸಲಾಮು ಹೊಡೆದರು. ಗೋಲ್ಬರ್ನ್ ಹತ್ತಿರ ಒಂದು ಕಾಂಗರೂ ರಸ್ತೆ ಬದಿಗೆ ನಿಂತು, ನಾವು ದಾಟುವವರೆಗೆ ಕೈಕಟ್ಟಿಕೊಂಡಿತ್ತು. ಗಿರೀಶ ಇದನ್ನು ನೋಡಲಿಲ್ಲ; ಅವನು ಪೂರ್ತಿ ದಾರಿ ಬೇಸ್‌ಮೆಂಟಿನ ಬಗ್ಗೆಯೇ ಮಾತಾಡಿದ.

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಿ ಕಾದೆವು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಾಲ್ಕು ಮಾತು ಆಡಲು ಸಿದ್ಧವಾಗಿ ನಿಂತಿದ್ದೆ. ಹತ್ತೂ ಐದಾಯಿತು. ಒಂದು ನರಪಿಳ್ಳೆಯೂ ಇಳಿದು ಬರಲಿಲ್ಲ.

"ಎಲ್ಲಿ ನಿಮ್ಮ ಕಮಿಟಿ?"

"ಜಾಯಿನ್ ಆಗ್ತಿದಾರೆ ಅಂಕಲ್" ಎಂದು ಗಿರೀಶ ಫೋನು ತೋರಿಸಿದ. ಪರದೆಯ ಮೇಲೆ ಏಳು ಚೌಕಗಳು, ಏಳು ಮುಖಗಳು, ಏಳು ಹೆಡ್‌ಫೋನುಗಳು. ಎಲ್ಲರೂ ಅದೇ ಕಟ್ಟಡದಲ್ಲಿ, ನಮ್ಮ ತಲೆಯ ಮೇಲೆಯೇ, ಲಿಫ್ಟಿನಲ್ಲಿ ಅರ್ಧ ನಿಮಿಷದ ದೂರದಲ್ಲಿ ಕೂತಿದ್ದಾರೆ! ಕಾರಿನ ಸದ್ದು ಪರೀಕ್ಷಿಸಲು ಕಾಲ್ ಮಾಡಿಕೊಂಡಿದ್ದಾರೆ! ಇವರು ಅನ್ನ ಬೆಂದಿದೆಯೇ ಎಂದು ನೋಡಲು ಪಾತ್ರೆಗೆ ಇಮೇಲ್ ಕಳಿಸುವ ಪೈಕಿ.

ಅಧ್ಯಕ್ಷರು ದಾವಣಗೆರೆಯ ವೀರೇಂದ್ರ ಎಂಬವರು, ಮೂರನೇ ಮಹಡಿ. "ಓಕೆ ಗಿರೀಶ್, ಬೇಗ ಮುಗಿಸೋಣ. ಸ್ಟಾರ್ಟ್ ಮಾಡ್ರಿ."

ಗಿರೀಶ ದೇವರನ್ನು ನೆನೆದು ಕೀ ತಿರುಗಿಸಿದ.

ಏನು ಹೇಳಲಿ! ನನ್ನ ಶೆಡ್ಡಿನ ತಗಡು ತಲೆಯಾಡಿಸಿ ಮೆಚ್ಚಿದ್ದ ಸದ್ದು ಈ ಕಾಂಕ್ರೀಟ್ ಗುಹೆಯಲ್ಲಿ ಎದ್ದು ನಿಂತಿತು. ಛಾವಣಿಯ ನೀರಿನ ಪೈಪುಗಳಿಂದ ಹತ್ತು ವರ್ಷದ ಧೂಳು ಉದುರಿತು. ಯಾರೋ ಬಿಟ್ಟು ಹೋಗಿದ್ದ ಶಾಪಿಂಗ್ ಟ್ರಾಲಿ ತಾನಾಗಿಯೇ ಹೊರಟು ಎದುರಿನ ಕಂಬದವರೆಗೆ ನಡೆಯಿತು. ನನ್ನ ಅಂಗಿಯ ಗುಂಡಿಗಳು ಎದೆಯ ಮೇಲೆ ತಾಳ ಹಾಕಿದವು. ಗಿರೀಶನ ತುಟಿ ಬಿಳಿಚಿತು. ಅವನ ಕಾರು ಹೋಯಿತು ಎಂದು ನನಗೂ ಅನ್ನಿಸಿತು. ಆದರೆ ಎಂಥ ಸದ್ದು!

ಗಿರೀಶನ ಕಿವಿಯಲ್ಲೊಂದು, ನನ್ನ ಕಿವಿಯಲ್ಲೊಂದು ಇಯರ್‌ಫೋನ್ ಇತ್ತು. ಅದರಲ್ಲಿ ವೀರೇಂದ್ರ ಕೇಳಿದರು: "ಗಿರೀಶ್, ಸ್ಟಾರ್ಟ್ ಮಾಡ್ರಿ ಅಂದ್ನಲ್ಲ."

"ಮಾಡಿದೀನಿ ಸರ್!"

"ನಿಮ್ಮ ಮಾತು ಮಾತ್ರ ಕ್ಲಿಯರಾಗಿ ಕೇಳ್ತಿದೆ. ಕಾರ್ ಕೇಳಿಸ್ತಿಲ್ಲ. ಆಕ್ಸಿಲರೇಟರ್ ಒತ್ತಿ."

ಒತ್ತಿದ. ಟ್ರಾಲಿ ಕಂಬದಿಂದ ಹಿಂದಿರುಗಿ ಹೊರಟಿತು.

"ಹಾಂ, ಏನೋ ಸಣ್ಣಗೆ ಗಾಳಿ ಬೀಸಿದ ಹಾಗಿದೆ. ಬೇರೆಯವರಿಗೆ?" ಎಂದರು ವೀರೇಂದ್ರ. ಮತ್ತೊಂದು ಚೌಕದಿಂದ ಒಬ್ಬಾಕೆ, ಪ್ರಣತಿ ಎಂದು ಹೆಸರು ಕಾಣಿಸುತ್ತಿತ್ತು, "ನಂಗೂ ಅಷ್ಟೇ ಸರ್. ಬಟ್ ನನ್ ಟೇಬಲ್ ಅದುರ್ತಿದೆ, ಮೆಟ್ರೋ ಹೋಗ್ತಿರಬೇಕು" ಎಂದಳು. "ಇವತ್ತು ಮೆಟ್ರೋ ಜಾಸ್ತಿನೇ ಇದೆ" ಎಂದು ವೀರೇಂದ್ರ ಒಪ್ಪಿದರು. ಏಳಕ್ಕೆ ಏಳು ಕೈಗಳೆದ್ದವು. ಮಂಜೂರು.

ಗಿರೀಶ ಇಂಜಿನ್ ಆರಿಸಿ, ಸ್ಟಿಯರಿಂಗ್ ಮೇಲೆ ಹಣೆಯಿಟ್ಟ. ಹನ್ನೆರಡು ವರ್ಷದ ಹುಡುಗನ ಹಾಗೆ ನಗುತ್ತಿದ್ದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾಲ್ ಮುಚ್ಚುವ ಮೊದಲು ವೀರೇಂದ್ರ ಒಂದು ಮಾತು ಆಡಿದರು.

"ಇಷ್ಟಕ್ಕೆ ಮೆಲ್ಬರ್ನಿಂದ ಜನ ಕರ್ಸಿದ್ರಾ? ಎಂಥ ವಿ-ಏಯ್ಟ್ ರೀ ಇದು, ನಮ್ಮನೆ ಮಿಕ್ಸಿನೇ ಇದಕ್ಕಿಂತ ಜೋರು."

ಮಿಕ್ಸಿ! ನನ್ನ ಮದ್ದಳೆಗೆ! ಗಿರೀಶ ಕೈ ಮುಗಿದು, ಕಣ್ಣಲ್ಲೇ ಬೇಡಿಕೊಂಡ. ನಾನು ಅವನ ಕೈಯಿಂದ ಫೋನು ಕಿತ್ತುಕೊಂಡೆ.

"ಓ ಸ್ವಾಮಿ, ಗಂಡಸಾದ್ರೆ ಕಿವಿಯಲ್ಲಿರುವ ಪ್ಲಾಸ್ಟಿಕ್ ತೆಗೆದು ಕೆಳಗೆ ಬನ್ನಿ!"

ಬಂದರು. ಮನೆಯ ಚಪ್ಪಲಿ, ಚಡ್ಡಿ, ಕೊರಳಲ್ಲಿ ಹೆಡ್‌ಫೋನು. ಗಿರೀಶ ಡ್ರೈವರ್ ಸೀಟಿನಿಂದ ಏಳಲೊಲ್ಲ, ಕೀ ಕೊಡಲೊಲ್ಲ. "ಬೇಡ ಅಂಕಲ್, ಪ್ಲೀಸ್, ಪಾಸಾಗಿದೆ ಬಿಟ್ಬಿಡಿ" ಎಂದು ಗೋಗರೆದ. ಕಿಟಕಿಯೊಳಗೆ ಕೈಹಾಕಿ ನಾನೇ ಕೀ ತಿರುಗಿಸಿದೆ.

ವೀರೇಂದ್ರ ಎರಡು ಹೆಜ್ಜೆ ಹಿಂದೆ ಹಾರಿದರು. ಒಂದು ಚಪ್ಪಲಿ ಮುಂದೆಯೇ ಉಳಿಯಿತು. ಎರಡೂ ಕೈ ಎದೆಗೆ ಹೋದವು, ಕಿವಿಗಲ್ಲ. ಅಷ್ಟರ ಮಟ್ಟಿಗೆ ಆ ಮನುಷ್ಯನಲ್ಲಿ ಸಂಸ್ಕಾರವಿತ್ತು. ಇಂಜಿನ್ ನಿಂತ ಮೇಲೂ ಒಂದು ನಿಮಿಷ ಅವರ ಬಾಯಿ ತೆರೆದೇ ಇತ್ತು.

"ಇದು... ಇದನ್ನ ನಾವು ಪಾಸ್ ಮಾಡಿದ್ವಾ?"

"ಏಳಕ್ಕೆ ಏಳು" ಎಂದೆ.

"ಕ್ಯಾನ್ಸಲ್! ಇದು ನಮ್ಮ ಬಿಲ್ಡಿಂಗಲ್ಲಿ ಒಂದು ದಿನಾನೂ ಇರೋ ಹಾಗಿಲ್ಲ!"

ಗಿರೀಶನ ನಗು ಆರಿಹೋಯಿತು. ಆದರೆ ವೀರೇಂದ್ರ ಫೋನು ತೆಗೆದವರು ಹಾಗೆಯೇ ನಿಂತರು. ಬೆರಳು ಪರದೆಯ ಮೇಲೆ ಸರಿಯಿತು, ನಿಂತಿತು. ಇಣುಕಿದೆ. ಸಭೆಯ ನಡಾವಳಿ ಆಗಲೇ ನಲವತ್ತು ಮನೆಗಳಿಗೂ ಹೋಗಿಬಿಟ್ಟಿತ್ತು. ಇವರು ಅದನ್ನು ಹಿಂದಿನ ದಿನವೇ ಟೈಪ್ ಮಾಡಿ ಇಟ್ಟಿದ್ದರು. ಪಾಸೋ ಫೇಲೋ ಎಂಬ ಒಂದು ಪದ ತುಂಬುವುದಷ್ಟೇ ಬಾಕಿಯಿತ್ತು. ಅದರಲ್ಲಿ ಹೀಗಿತ್ತು: ‘ಸಮಿತಿಯ ಎಲ್ಲ ಸದಸ್ಯರೂ ಖುದ್ದಾಗಿ ಬೇಸ್‌ಮೆಂಟಿಗೆ ಬಂದು ಪರೀಕ್ಷಿಸಿ...’

"ಕ್ಯಾನ್ಸಲ್ ಮಾಡಿ" ಎಂದೆ. "ಖುದ್ದಾಗಿ ಬಂದದ್ದು ಸುಳ್ಳು ಅಂತ ನಲವತ್ತು ಮನೆಗೂ ಇನ್ನೊಂದು ಲೆಟರ್ ಹಾಕಿ. ನಾನು ಟೈಪ್ ಮಾಡಿ ಕೊಡ್ಲಾ?"

ವೀರೇಂದ್ರ ನನ್ನನ್ನು ನೋಡಿದರು. ಗಿರೀಶನನ್ನು ನೋಡಿದರು. ಹೋಗಿ ಚಪ್ಪಲಿ ಹಾಕಿಕೊಂಡರು.

"ಬೆಳಿಗ್ಗೆ ಎಂಟರ ಮೇಲೆ ತೆಗೀರಿ ಗಿರೀಶ್. ನಿಧಾನಕ್ಕೆ" ಎಂದು ಹೇಳಿ ಲಿಫ್ಟಿನತ್ತ ಹೋದರು. ಹೀಗೆ ಒಬ್ಬನ ಬಾಲ್ಯದ ಕಾರು ಉಳಿದದ್ದು ಏಳು ಜನರ ಸೋಮಾರಿತನದಿಂದ ಮತ್ತು ನನ್ನ ಬಾಯಿಂದ.

ಗಿರೀಶ ನನಗೆ ಧನ್ಯವಾದ ಹೇಳುತ್ತಾನೆಂದು ಕಾದೆ. ಅವನು ಇಳಿದು ಕಾರಿಗೆ ಹೊದಿಕೆ ಹಾಕಿದ. "ಮಿನಿಟ್ಸ್‌ನಲ್ಲಿ ಆ ಲೈನ್ ಇರುತ್ತೆ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ ಅಂಕಲ್?"

"ಇಲ್ಲ."

"ಹಂಗಾದ್ರೆ ಸುಮ್ನೆ, ಅವ್ರು ಮಿಕ್ಸಿ ಅಂದ್ರು ಅಂತ, ನನ್ ಕಾರ್ ಪಣಕ್ಕಿಟ್ರಿ."

"ಮತ್ತೆಂತ ಮಾಡುದು? ಮಿಕ್ಸಿ ಅಂದದ್ದಲ್ವಾ!"

ಏರ್‌ಪೋರ್ಟಿಗೆ ಈ ಕಾರಿನಲ್ಲೇ, ಕಿಟಕಿ ಇಳಿಸಿ, ಸಿಡ್ನಿಗೆಲ್ಲ ಕೇಳಿಸಿಕೊಂಡು ಹೋಗುವುದೆಂದು ನಾನು ತೀರ್ಮಾನಿಸಿದ್ದೆ. ಅವನು ನನ್ನ ಚೀಲವನ್ನು ರಸ್ತೆಗೆ ತಂದಿಟ್ಟು, ಕ್ಯಾಬ್ ಬುಕ್ ಮಾಡಿ, ಅದು ಬರುವವರೆಗೆ ಫೋನು ನೋಡುತ್ತ ಪಕ್ಕದಲ್ಲಿ ನಿಂತ. ಬಂದದ್ದು ಎಲೆಕ್ಟ್ರಿಕ್ ಕಾರು. ಅದು ಬಂದು ನಿಂತದ್ದೇ ನನಗೆ ಗೊತ್ತಾಗಲಿಲ್ಲ. ಗಿರೀಶ ಭುಜ ಮುಟ್ಟಿ ಹತ್ತಿಸಬೇಕಾಯಿತು.