ತಿರುಗಿ ನೋಡಿದವನ ಹಾಡು

“ನಿಮ್ಮಮ್ಮಂಗೆ ಮಣ್ಣು ಹಾಕಿದ ಕೈ ಇನ್ನೂ ಆರಿಲ್ಲ, ಹಾಡು ಬೇಕಾ ನಿಂಗೆ? ಮುಚ್ಚು ಬಾಯಿ!”

ನಾನು ಕೂಗಿದ್ದು ಅಲ್ಲಾಳಸಂದ್ರದ ನಮ್ಮ ಬೀದಿಗೆಲ್ಲ ಕೇಳಿಸಿರಬೇಕು. ಮಗಳು ನಯನಾ ಬಾಯಿ ಮುಚ್ಚಲಿಲ್ಲ.

“ಅಪ್ಪಾ, ಅಮ್ಮನೇ ಕೇಳಿದ್ದು. ನಾಳೆ ಹಾಲು ತುಪ್ಪ ಬಿಡೋವಾಗ ಸಮಾಧಿ ಹತ್ರ ಒಂದ್ಸಲ ಹಾಡ್ತೀನಿ. ನಾಲ್ಕೇ ನಿಮಿಷ.”

“ನಮ್ಮೋರೆಲ್ಲ ನಿಂತಿರ್ತಾರೆ. ಅವರ ಮುಂದೆ ಜರ್ಮನ್ ಹಾಡು ಹಾಡಿ ನನ್ನ ಮಾನ ಕಳೀತೀಯಾ?”

ನಯನಾ ಪುಟ್ಟೇನಹಳ್ಳಿಯ ಒಬ್ಬ ಮೇಡಂ ಹತ್ತಿರ ಆರು ವರ್ಷದಿಂದ ಪಾಶ್ಚಾತ್ಯ ಗಾಯನ ಕಲಿಯುತ್ತಿದ್ದಳು. ಜೊತೆಗೆ ಹೋಗುತ್ತಿದ್ದವಳು ನನ್ನ ಹೆಂಡತಿ ನಾಗಲಕ್ಷ್ಮಿ. ಮೇಡಂ ಮನೆಯ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತ ಕೂತು, ಮಾತು ತಿಳಿಯದಿದ್ದರೂ ಈ ಹಾಡಿನ ರಾಗ ಕಲಿತುಬಿಟ್ಟಿದ್ದಳು. ಆಸ್ಪತ್ರೆಯ ಮಂಚದ ಮೇಲೂ ಅದನ್ನೇ ಗುನುಗುತ್ತಿದ್ದಳು. ಅದು ನನಗೂ ಗೊತ್ತಿತ್ತು.

“ಏನೈತೆ ಅದ್ರಲ್ಲಿ ಅಂಥಾದ್ದು?” ಎಂದೆ.

ಹೇಳಿದಳು. ಇನ್ನೂರು ವರ್ಷ ಹಳೆಯ ಹಾಡಂತೆ. ಕಥೆ ಅದಕ್ಕೂ ಹಳೆಯದು, ಗ್ರೀಕರದು. ಆರ್ಫಿಯಸ್ ಎಂಬ ಹಾಡುಗಾರನ ಹೆಂಡತಿ ಹಾವು ಕಚ್ಚಿ ಸತ್ತಳು. ಅವನು ಪಾತಾಳಕ್ಕೇ ಇಳಿದು ಹಾಡಿದ. ಸತ್ತವರ ರಾಜನ ಮನಸ್ಸು ಕರಗಿತು. ಕರಕೊಂಡು ಹೋಗು, ಮೇಲೆ ಸೇರುವ ತನಕ ತಿರುಗಿ ನೋಡಬೇಡ ಅಂದ. ಇವನು ನೋಡಿಬಿಟ್ಟ. ಅವಳು ಹೋದಳು.

ನಮ್ಮಲ್ಲೂ ಮಣ್ಣು ಮಾಡಿ ಬರುವಾಗ ತಿರುಗಿ ನೋಡಬಾರದು; ನೋಡಿದರೆ ಹೋದವರಿಗೆ ನೆಮ್ಮದಿ ಇರುವುದಿಲ್ಲ ಅಂತಾರೆ. ನಿನ್ನೆ ರಾಜಾನುಕುಂಟೆಯ ನಮ್ಮ ತೋಟದಿಂದ ಹೊರಟಾಗ ನಯನಾ ಎರಡು ಸಲ ತಿರುಗಿದ್ದಳು. ಎಲ್ಲರೆದುರು ಅವಳ ಕತ್ತು ಹಿಡಿದು ಮುಂದಕ್ಕೆ ತಿರುಗಿಸಿದ್ದೆ.

“ನಿನ್ನ ಹಾಡೇ ಹೇಳ್ತದಲ್ಲ, ತಿರುಗಿ ನೋಡಿ ಕಳ್ಕೊಂಡ ಅಂತ! ನಿಮ್ಮಮ್ಮಂಗೆ ಅಲ್ಲೂ ನೆಮ್ಮದಿ ಇಲ್ದಂಗೆ ಮಾಡ್ದೋಳು ನೀನು. ಇನ್ನು ಹಾಡು ಬೇರೆ!”

ಅನ್ನಬಾರದಿತ್ತು. ಅಂದಕೂಡಲೇ ಗೊತ್ತಾಯಿತು. ಆದರೆ ಆಡಿದ ಮಾತು ತಪ್ಪಾಯಿತು ಎಂದು ಹುಟ್ಟಿದಾಗಿನಿಂದ ಒಬ್ಬರ ಹತ್ತಿರವೂ ಹೇಳಿದವನಲ್ಲ ನಾನು.

ನಯನಾ ಬ್ಯಾಗು ತಗೊಂಡಳು. ಚಪ್ಪಲಿ ಮೆಟ್ಟಿದಳು. ಬರ್ತೀನಿ ಅನ್ನಲಿಲ್ಲ. ಗೇಟು ದಾಟಿ ಕೆರೆ ಕಡೆ ರಸ್ತೆ ತಿರುಗುವವರೆಗೂ ಹಿಂದಕ್ಕೆ ನೋಡಲಿಲ್ಲ.

ಸಾವಿನ ಮನೆಯಿಂದ ಹೊರಡುವವರು ಬರ್ತೀನಿ ಅನ್ನುವುದಿಲ್ಲ. ಅಂತೂ ಹುಡುಗಿ ನೇಮ ಕಲಿತಳಲ್ಲ ಎಂದುಕೊಂಡು ಸುಮ್ಮನೆ ಕೂತೆ. ಕರೆಯಲಿಲ್ಲ.

ಸಂಜೆ ನನ್ನ ಅಕ್ಕ ಸುಬ್ಬಮ್ಮ ಕೇಳಿದಳು, “ನಯನಾ ಎಲ್ಲೋ?” ನಡೆದದ್ದು, ಬರ್ತೀನಿ ಅನ್ನದೆ ಹೋದದ್ದು, ಎಲ್ಲ ಹೇಳಿದೆ. ಅವಳ ಕೈಯಲ್ಲಿದ್ದ ಮೊರ ಹಾಗೇ ನಿಂತಿತು.

“ಆ ನೇಮ ಒರಗಿನೋರ್ಗೆ ಕಣೋ ಅಶ್ವತ್ಥಾ. ಮನೆ ಮಗ್ಳು ಬತ್ತೀನಿ ಅಂತ್ಲೇ ಓಗ್ಬೇಕು.”

ಮಾರನೆಯ ದಿನ ನಮ್ಮೋರೆಲ್ಲರ ಎದುರು, ಮಗಳಿಲ್ಲದೆ, ಹಾಲು ತುಪ್ಪ ನಾನೊಬ್ಬನೇ ಬಿಟ್ಟೆ. ತೋಟದಿಂದ ಬರುವಾಗ ತಿರುಗಿ ತಿರುಗಿ ನೋಡಿದೆ. ನನ್ನ ಕತ್ತು ಯಾರೂ ಹಿಡಿಯಲಿಲ್ಲ.

ಅವರೆಕಾಯಿ ಕಾಲ ಎರಡು ಸಲ ಬಂತು. ನಯನಾ ಬಂದಿಲ್ಲ.