ಮಾವ್ಕಾಳ ಅಚ್ಚು

ಮತ್ತೆ ಅದೇ ಸದ್ದು, ಹಕ್ಕಿಯದಲ್ಲ, ಬಾಗಿಲ ಕೀಲಿನದೂ ಅಲ್ಲ, ಹೊಳೆದಂಡೆಯ ವಿಲೋ ಮರದಿಂದ, ಎಳೆಯದು, ಕೇಳಿಯೂ ಕೇಳದಂಥದ್ದು — ವಸಿಲಿನಾ ಉಳಿಯನ್ನು ಹಲಗೆಯಿಂದ ಎತ್ತಲಿಲ್ಲ, ಎತ್ತಿದರೆ ಕೇಳಿಸಿತೆಂದು ಒಪ್ಪಿಕೊಂಡಂತೆ, ಚಿತ್ರ ಅಚ್ಚೊತ್ತಲು ಪೇರ್ ಮರದ ನುಣುಪು ಹಲಗೆ, ಕೆತ್ತಿದ್ದೆಲ್ಲ ಕಾಗದದ ಮೇಲೆ ಬಿಳಿ, ಬಿಟ್ಟದ್ದೆಲ್ಲ ಕಪ್ಪು, ಜೊಂಡು ಆಯಿತು, ನೀರಿನ ಸುಳಿ ಆಯಿತು, ಕಾಡಿನ ದೆವ್ವ ಮಾವ್ಕಾಳ ಕೂದಲೂ ಆಯಿತು, ಮುಖ ನಿನ್ನೆಯಷ್ಟೇ ಮುಗಿದದ್ದು, ಮುಚ್ಚಿದ ಪುಟ್ಟ ಬಾಯಿ, ಒಂದು ಕಪ್ಪು ಗೆರೆ ಅಷ್ಟೆ. ಲ್ವೀವ್ ನಗರದಲ್ಲಿ ಚಿತ್ರದಂಗಡಿ ಇಟ್ಟಿರುವ ಓಸ್ತಾಪ್ ಫೋನಿನಲ್ಲಿ ಗೋಗರೆದಿದ್ದ, ಅವಳನ್ನ ಸ್ವಲ್ಪ ನಗಿಸಿ ವಸಿಲಿನಾ ಅವ್ರೇ, ಜನ ಇದನ್ನ ಮಲಗೋ ಕೋಣೇಲಿ ತೂಗುಹಾಕ್ತಾರೆ, ಅವರಿಗೆ ಕಾಡಿನ ಚೆಲುವೆ ಬೇಕು, ಹೆಣ ಅಲ್ಲ — ಅವನಿಗೇನು ಗೊತ್ತು, ಮಾವ್ಕಾ ಎಂದರೆ ಅವನಿಗೆ ಹೂವಿನ ಕಿರೀಟ, ಬರಿಗಾಲು, ನಿಜವಾದ ಮಾವ್ಕಾಳಿಗೆ ಬೆನ್ನೇ ಇಲ್ಲ, ಹಿಂದಿನಿಂದ ನೋಡಿದರೆ ಬರೀ ಟೊಳ್ಳು, ಅದನ್ನು ಕೆತ್ತಿಕೊಟ್ಟರೆ ಯಾರು ಕೊಳ್ಳುತ್ತಾರೆ. ನೆಲಕ್ಕೆ ಹಾಸಿದ ಮಾಚಿಪತ್ರೆ ಬಾಡಿ ಕಹಿ ವಾಸನೆ, ಗೋಡೆಗೆ ಸಿಕ್ಕಿಸಿದ ಹಸಿ ರೆಂಬೆಗಳು, ಸತ್ತವರು ಊರಿಗೆ ಮರಳುವ ಹಸಿರು ವಾರದ ಗುರುವಾರ, ಸತ್ತವರ ಕಣ್ಣಿಗೆ ಚುಚ್ಚೀತೆಂದು ಇವತ್ತು ಊರಲ್ಲಿ ಯಾವ ಹೆಂಗಸೂ ಸೂಜಿ ಮುಟ್ಟುವುದಿಲ್ಲ, ಇವಳ ಕೈಯಲ್ಲಿ ಮಾತ್ರ ಉಳಿ.

ಏಳು ವರ್ಷದ ಹಿಂದೆ ಹೆತ್ತಾಗ ಹೆಣ್ಣು ಅಂದಿದ್ದರು ಆಸ್ಪತ್ರೆಯಲ್ಲಿ, ನೋಡ್ಬೇಡಮ್ಮ, ನೋಡಿದ್ರೆ ಮರೆಯೋಕಾಗಲ್ಲ, ನೋಡದೆ ತಾನೇನು ಮರೆತಳೇ, ಎತ್ತಿಕೊಂಡದ್ದು ಅತ್ತೆ ಯಾವ್ದೋಖಾ, ಕೂಸು ಒಮ್ಮೆಯೂ ಅಳಲಿಲ್ಲವಂತೆ, ಮುಚ್ಚಿದ ಪುಟ್ಟ ಬಾಯಿ, ಪಾದ್ರಿ ಬರುವಷ್ಟರಲ್ಲಿ ಎಲ್ಲ ಮುಗಿದು ದೀಕ್ಷಾಸ್ನಾನವಿಲ್ಲ, ಹೆಸರಿಲ್ಲ, ಹೊಳೆದಂಡೆಯಲ್ಲಿ ಒಂದು ಗುಣಿ. ಅಲ್ಲಿಂದ ಪ್ರತಿ ಹಸಿರು ವಾರವೂ ಈ ಸದ್ದು. ಹೆಸರಿಲ್ಲದೆ ಸತ್ತ ಕೂಸುಗಳು ಏಳು ವರ್ಷ ಕೂಗ್ತವೆ ಕಣೇ, ಅತ್ತೆ ಹೇಳುತ್ತಲೇ ಇರುತ್ತಾಳೆ, ಹೆಸರು ಕೊಡಿ, ಹೆಸರು ಕೊಡಿ ಅಂತ, ಕೇಳಿಸಿಕೊಂಡವರು ತಲೆವಸ್ತ್ರ ಎಸೆದು ಒಂದು ಹೆಸರು ಹೇಳಿಬಿಟ್ರೆ ನೆಮ್ಮದಿಯಾಗಿ ಮಲಗ್ತವೆ, ಇಲ್ಲಾಂದ್ರೆ ಏಳು ಮುಗಿದ್ಮೇಲೆ ಮಾವ್ಕಾ ಆಗಿ ಹೆತ್ತವಳನ್ನೇ ಮರೀತವೆ. ಮಲಗುತ್ತದೆ ಅಂದರೆ ಇನ್ನು ಬರುವುದಿಲ್ಲ. ಅದು ವಸಿಲಿನಾಗೆ ಮೊದಲ ವರ್ಷವೇ ಹೊಳೆದಿತ್ತು. ಹೆಸರು ಇದೆ, ಒಳ್ಳೆಯ ಹೆಸರು, ಗಂಡನಿಗೂ ಹೇಳದೆ ಹಲ್ಲಿನ ಹಿಂದೆ ಬಚ್ಚಿಟ್ಟುಕೊಂಡದ್ದು, ವರ್ಷಕ್ಕೊಮ್ಮೆಯಾದರೂ ಬಾ ಕಂದಾ, ಕೂಗು, ಅಮ್ಮ ಕೇಳಿಸಿಕೊಳ್ಳುತ್ತಾಳೆ, ಹೆಸರು ಮಾತ್ರ ಕೊಡುವುದಿಲ್ಲ — ಇದು ಪ್ರೀತಿಯೋ ದುರಾಸೆಯೋ, ಎರಡೂ ಇರಬಹುದು, ಇರಲಿ, ಮರೆಯುವುದಂತೆ, ಹೆತ್ತವಳನ್ನು ಯಾರಾದರೂ ಮರೆಯುತ್ತಾರೆಯೇ, ಮುದುಕಿಯರ ಕಟ್ಟುಕಥೆ, ಇದು ಏಳನೆಯ ವರ್ಷವಾದರೇನು, ಮುಂದಿನ ವರ್ಷವೂ ಬರುತ್ತಾಳೆ.

ಉರುಳೆಯಿಂದ ಹಲಗೆಗೆ ಮಸಿ ಬಳಿದಳು, ಅಂಗೈಯೆಲ್ಲ ಮಸಿ, ತೆಳು ಕಾಗದ ಹಾಸಿ ಅದರ ಬೆನ್ನನ್ನು ಮರದ ಚಮಚದಿಂದ ಉಜ್ಜಿದಳು, ಮೆಲ್ಲಗೆ, ಕೂಸಿನ ಬೆನ್ನು ತಿಕ್ಕುವ ಹಾಗೆ, ಮೂಲೆ ಹಿಡಿದು ಎತ್ತುವಾಗ ಬಾಗಿಲಲ್ಲಿ ಅತ್ತೆ, ಇವತ್ತೂ ಉಳಿ ಹಿಡಿದಿದೀಯಲ್ಲೇ, ನಿನ್ ಕೈ ಸೇದಿಹೋಗ, ಎನ್ನುತ್ತ ಬಂದವಳು ಕಾಗದದ ಮೇಲಿನ ಮುಖಕ್ಕೆ ಬಗ್ಗಿದಳು. ನೋಡಿಲ್ಲ ಅಂದಿದ್ಯಲ್ಲೇ. ಏನನ್ನ? ಕೂಸನ್ನ, ಇದೇ ತುಟಿ, ಇದೇ ಕಚ್ಚು ಬಿದ್ದ ಕಿವಿ — ಕಿವಿಯ ಕಚ್ಚು, ಅದು ಉಳಿ ಜಾರಿ ಆದದ್ದು, ಜಾರಿತ್ತಲ್ಲವೇ. ಮತ್ತೆ ಸದ್ದು, ಈಗ ವಿಲೋದಿಂದಲ್ಲ, ಕಿಟಕಿಯ ಕೆಳಗೇ, ಅತ್ತೆಗೂ ಕೇಳಿಸಿತು, ತಲೆವಸ್ತ್ರ ಕಿತ್ತು ಕೈಗೆ ತೆಗೆದುಕೊಂಡಳು, ಹೆಸರು ಹೇಳೇ, ಹೆತ್ತವಳು ನೀನು, ಚರ್ಚಿನ ಮಧ್ಯಾಹ್ನದ ಗಂಟೆ ಹೊಡೆದ್ರೆ ಏಳು ವರ್ಷದ ಗಡುವು ಮುಗೀತು, ಬಾಯಲ್ಲೇನು ಕಡುಬು ತುಂಬ್ಕೊಂಡಿದೀಯಾ, ಹೋಗ್ಲಿ ಬಿಡು, ಇಂಥ ಕೂಸುಗಳಿಗೆ ಊರವರು ಇಡೋ ಹೆಸರನ್ನೇ ನಾನು ಇಡ್ತೀನಿ — ವಸ್ತ್ರ ಕಿಟಕಿಯಿಂದ ಹಾರಿತು, ಬೆಳ್ಳಗೆ, ಮುದುಕಿ ಬಾಯಿ ತೆರೆದಳು, ವಸಿಲಿನಾ ಆ ಬಾಯಿಗೆ ಅಂಗೈ ಒತ್ತಿ ಹಿಡಿದಳು, ಬಿಸಿ ಉಸಿರು, ಹಲ್ಲು ಚರ್ಮಕ್ಕೆ ತಾಗುತ್ತಿದೆ, ಬಿಡುವುದಿಲ್ಲ, ಹೊರಗೆ ಎಳೆಯ ದನಿ ಇನ್ನೊಮ್ಮೆ ಹೆಸರು ಕೇಳಿತು, ಕಾಯಿತು, ಗಂಟೆ ಹೊಡೆಯಿತು. ಆಮೇಲೆ ಏನೂ ಇಲ್ಲ. ಹಕ್ಕಿಯೂ ಇಲ್ಲ. ಕೂಗು, ಕೂಗೇ — ಕಿಟಕಿಯಾಚೆ ಜೊಂಡಿನ ನಡುವೆ ಪುಟ್ಟದೊಂದು ಆಕೃತಿ ತಿರುಗಿ ಹೊರಟಿದೆ, ಹಿಂದಿನಿಂದ, ಬೆನ್ನಿರಬೇಕಾದಲ್ಲಿ ಆಚೆಯ ನೀರು ಥಳಥಳ, ಜ್ಲಾತಾ, ಎಂದಳು, ಬಚ್ಚಿಟ್ಟ ಹೆಸರನ್ನು ಮೊದಲ ಸಲ, ಜ್ಲಾತಾ, ಗಂಟಲು ಹರಿಯುವಂತೆ, ಜ್ಲಾತಾ, ಆಕೃತಿ ಬೇರೆ ಯಾರನ್ನೋ ಕರೆದಂತೆ ನಡೆದೇ ಹೋಯಿತು, ಅದಕ್ಕೆ ಅದು ಯಾರ ಹೆಸರೋ, ಅತ್ತೇ, ನೀವಾದ್ರೂ ಕರೀರಿ, ಎಂದು ತಿರುಗಿದರೆ ಮುದುಕಿ ಗೋಡೆಗೊರಗಿ ನಿಂತಿದ್ದಾಳೆ, ಕಣ್ಣಲ್ಲಿ ನೀರು, ಬಿಳಿಚಿದ ಮುಖದ ಮೇಲೆ ಇವಳ ಐದು ಬೆರಳೂ ಕಪ್ಪಗೆ ಅಚ್ಚು ಬಿದ್ದಿವೆ, ಬಾಯಿ ಇರಬೇಕಾದಲ್ಲಿ ಬಾಯಿಲ್ಲ, ಕಪ್ಪು ಅಂಗೈ, ಮುಚ್ಚಿದ ಬಾಯಿ, ಕಪ್ಪು ಅಂಗೈ, ಮುಚ್ಚಿದ —