ಕಿಲುಬಿನಲ್ಲಿ ಉಳಿದ ತೇಪೆ

ನಾಣ್ಯದ ಮೇಲೆ ರಾಜನ ಮುಖ ಇರುತ್ತದೆ. ಆ ನಾಣ್ಯವನ್ನು ಸೊಂಟಕ್ಕೆ ಕಟ್ಟಿಕೊಂಡು ಸಾಯಲು ಹೋದವನ ಮುಖ ಎಲ್ಲೂ ಇರುವುದಿಲ್ಲ. ಸೈನ್ಯದಿಂದ ಬಂದ ಮೇಲೆ ಹವಾಲ್ದಾರ ಹಳೆಯ ನಾಣ್ಯಗಳ ಬೆನ್ನು ಹತ್ತಿದ್ದು ಈ ಸಿಟ್ಟಿಗೆ. ಬ್ಯಾಂಕಿನ ಬಾಗಿಲು ಕಾಯುತ್ತ, ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಸತ್ತುಹೋದ ಲಿಪಿಗಳನ್ನು ಕಲಿತ. ಲೇಖನ ಬರೆದ. ಮೊದಮೊದಲು ನಕ್ಕ ಪಂಡಿತರು ಆಮೇಲೆ ಅವನ ಮಾತನ್ನೇ ತಮ್ಮ ಪುಸ್ತಕಗಳಲ್ಲಿ ಬರೆದುಕೊಂಡು, ಅವನ ಹೆಸರನ್ನು ಪುಟದ ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿದರು. ಬೀದಿಯವರಿಗೆ ಮಾತ್ರ ಅವನು ಇವತ್ತಿಗೂ ಚಿಲ್ಲರೆ ಹವಾಲ್ದಾರ.

ಸಂಗ್ರಹಾಲಯದವರು ಅವನಿಗೆ ನೆಲಮಾಳಿಗೆಯಲ್ಲಿ ಒಂದು ಕೋಣೆ ಕೊಟ್ಟಿದ್ದರು. ತಲೆಯ ಮೇಲೆ ಸೋರುವ ಪೈಪು, ಅದರ ಕೆಳಗೊಂದು ಬಕೆಟ್ಟು, ಕುತ್ತಿಗೆ ಬಗ್ಗಿಸುವ ಮೇಜುದೀಪ, ಭೂತಗನ್ನಡಿ. ಗೋಡೆಯ ಮೇಲೆ ಅವನೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದ: ‘ಯಾವ ನಾಣ್ಯವನ್ನೂ ಉಜ್ಜಕೂಡದು.’

ಹಾಗೆ ಬರೆಯಲು ಕಾರಣವಿತ್ತು. ಊರಾಚೆ, ಹಿಂದೆ ರಾಜನ ದಂಡು ಬೀಡುಬಿಟ್ಟಿದ್ದ ಬಯಲಿನಲ್ಲಿ, ನೀರಿನ ಕೊಳವೆ ಹಾಕಲು ಅಗೆದಾಗ ತಾಮ್ರದ ನಾಣ್ಯಗಳ ಒಂದು ಹಸಿರು ಮುದ್ದೆ ಸಿಕ್ಕಿತ್ತು. ಸಂಗ್ರಹಾಲಯದವರು ಅದನ್ನು ಆಮ್ಲದಲ್ಲಿ ಅದ್ದಿ, ಬಿಡಿಸಿ, ತಿಕ್ಕಿ, ಹೊಸ ಪಾತ್ರೆಯ ಹಾಗೆ ಥಳಥಳ ಮಾಡಿಟ್ಟಿದ್ದರು. ಹವಾಲ್ದಾರ ಬಂದು ನೋಡಿದವನೇ ತಲೆ ಚಚ್ಚಿಕೊಂಡ. “ಸತ್ತವನ ನಾಲಿಗೆ ಕಿತ್ತುಬಿಟ್ರಲ್ರೀ! ಕಿಲುಬು ಅಂದ್ರೆ ಕೊಳೆ ಅಂದ್ಕೊಂಡ್ರಾ?” ಮುದ್ದೆಯನ್ನು ಹೊತ್ತು ತಂದಿದ್ದ ಗೋಣಿಚೀಲದ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಒಂದೇ ಒಂದು ನಾಣ್ಯ ಆ ಸ್ನಾನದಿಂದ ಪಾರಾಗಿತ್ತು.

ಆ ಒಂದರ ಮೇಲೆ, ಉಜ್ಜಿದರೆ ಪುಡಿಯಾಗಿ ಉದುರುವಂಥ ಕಿಲುಬಿನಲ್ಲಿ, ಬಟ್ಟೆಯ ಗುರುತಿತ್ತು. ಬಟ್ಟೆ ಕೊಳೆತು ಹೋಗಿ ಎಷ್ಟೋ ಕಾಲವಾಗಿತ್ತು. ಅದರ ಹಾಸು ಹೊಕ್ಕು ಮಾತ್ರ ತಾಮ್ರದ ಹಸಿರಿನಲ್ಲಿ ಅಚ್ಚೊತ್ತಿ ನಿಂತಿತ್ತು. ಊಟದ ಡಬ್ಬಿ ತಂದಿದ್ದ ಹೆಂಡತಿಗೂ ಅವನು ಭೂತಗನ್ನಡಿ ಕೊಟ್ಟು ತೋರಿಸಿದ.

“ಇದೇನ್ರೀ, ಇಲ್ಲಿ ಎಳೆ ಅಡ್ಡಾದಿಡ್ಡಿ ಹೋಗಿದೆ?” ಅಂದಳು. ಮತ್ತೆ ಬಗ್ಗಿದಳು. “ತೇಪೆ ಕಣ್ರೀ ಇದು! ನಿಮ್ಮ ಚಡ್ಡಿಗೆಲ್ಲ ಹಾಕಿ ಹಾಕಿ ನನ್ನ ಕಣ್ಣೇ ಹೋಗಿದೆ, ನನಗೆ ಗೊತ್ತಾಗಲ್ವಾ?”

ಹವಾಲ್ದಾರ ಭೂತಗನ್ನಡಿ ಇಸಿದುಕೊಂಡು ತಾನೂ ನೋಡಿದ. “ತೇಪೆ,” ಅಂದ. “ರಾಜನ ಬೊಕ್ಕಸದ ಚೀಲಕ್ಕೆ ಯಾರೇ ತೇಪೆ ಹಾಕ್ತಾರೆ?”

ಅವಳು ಡಬ್ಬಿ ಬಿಚ್ಚುವುದನ್ನು ನಿಲ್ಲಿಸಿದಳು. ಗಂಡನ ಮನಸ್ಸು ಎಲ್ಲಿಗೆ ಹೋಯಿತೆಂದು ಅವಳಿಗೆ ಗೊತ್ತಾಯಿತು. ಕುಳ್ಳನ ಹತ್ತಿರಕ್ಕೆ.

ಕುಳ್ಳ ಅವನ ಜೊತೆಯ ಸಿಪಾಯಿ. ಪಕ್ಕದ ಮಂಚದವನು. ಗಡಿಯಲ್ಲಿ ಗಸ್ತಿಗೆ ಹೊರಡುವಾಗ, ತೇಪೆ ಹಾಕಿದ ಟವೆಲ್ಲಿನಲ್ಲಿ ತನ್ನ ಪುಡಿ ಸಾಮಾನು ಗಂಟು ಕಟ್ಟಿ ಇವನ ಕೈಗೆ ಕೊಟ್ಟಿದ್ದ. “ಬಂದು ಇಸ್ಕೋತೀನಿ. ಬಿಚ್ಚಿ ನೋಡಿದ್ಯೋ, ಮಗನೇ, ಕಣ್ಣು ಕಿತ್ತು ಗೋಲಿ ಆಡ್ತೀನಿ.” ಬರಲಿಲ್ಲ. ಹೆಣವೂ ಸಿಗಲಿಲ್ಲ. ಹೆಣ ಸಿಗದಿದ್ದರೆ ಸೈನ್ಯದ ಲೆಕ್ಕದಲ್ಲಿ ಸತ್ತಂತಲ್ಲ, ಓಡಿಹೋದಂತೆ. ಅವನ ತಾಯಿಗೆ ಪಿಂಚಣಿ ಬರಲಿಲ್ಲ, ಬೈಗುಳ ಬಂತು. ಹೇಡಿಯನ್ನು ಹೆತ್ತವಳು ಎಂದು ಅಂಗಡಿಯವನೂ ಚಿಲ್ಲರೆಯನ್ನು ಅವಳ ಕೈಗೆ ಕೊಡದೆ ಕಟ್ಟೆಯ ಮೇಲೆ ಎಸೆಯುತ್ತಿದ್ದ.

ವಿಚಾರಣೆಯಲ್ಲಿ ಹವಾಲ್ದಾರ ಆ ಗಂಟನ್ನು ಅಧಿಕಾರಿಯ ಮೇಜಿನ ಮೇಲಿಟ್ಟಿದ್ದ. “ಓಡಿಹೋಗೋನು ಗಂಟು ಬಿಟ್ಟು ಹೋಗ್ತಾನಾ ಸಾಹೇಬ್ರೇ? ವಾಪಸ್ ಬರೋನೇ ಅಲ್ವಾ ಗಂಟು ಕಟ್ಟಿ ಕೊಡೋದು?” ಅಧಿಕಾರಿ ಬೆರಳ ತುದಿಯಿಂದ ಗಂಟು ಬಿಚ್ಚಿದ. ಬಾಚಣಿಗೆ, ಬೀಡಿಕಟ್ಟು, ನಾಲ್ಕು ಪುಡಿಗಾಸು. “ಇದು ಯಾರದ್ದು ಬೇಕಾದರೂ ಆಗಬಹುದು.” ಬಿಚ್ಚಿದ ಮೇಲೆ ಅದು ಗಂಟಾಗಿರಲಿಲ್ಲ, ಹರಕು ಬಟ್ಟೆಯಾಗಿತ್ತು. ಹವಾಲ್ದಾರ ಇನ್ನೂ ಬಾಯಿ ತೆರೆಯುತ್ತಿದ್ದ. “ಅಟೆನ್ಶನ್! ಅಬೌಟ್ ಟರ್ನ್!” ಎಂಬ ಕೂಗು ಬಿತ್ತು. ಬಾಯಿ ಮುಚ್ಚಿಕೊಂಡಿತು. ಕಾಲು ತಿರುಗಿಬಿಟ್ಟವು.

ಆ ಕಾಲುಗಳನ್ನು ಅವನು ಈವರೆಗೂ ಕ್ಷಮಿಸಿರಲಿಲ್ಲ.

ಈಗ ಸಂಗ್ರಹಾಲಯದಲ್ಲಿ ಆ ತಾಮ್ರದ ನಾಣ್ಯಗಳಿಗೊಂದು ಗಾಜಿನ ಪೆಟ್ಟಿಗೆ ಸಿದ್ಧವಾಗಿತ್ತು. ಪಕ್ಕದ ಫಲಕದಲ್ಲಿ ‘ವಿಜಯೀ ರಾಜನ ಬೊಕ್ಕಸದ ನಾಣ್ಯಗಳು’ ಎಂದು ಬರೆಸಬೇಕೆಂದು ಸಮಿತಿಯ ಇಚ್ಛೆ. ಉದ್ಘಾಟನೆಗೆ ಜನರಲ್ ಸಾಹೇಬರು. ಹವಾಲ್ದಾರ ಬೇರೆ ಬರಹ ಕೊಟ್ಟಿದ್ದ: ‘ಹೆಸರು ಉಳಿಯದ ಒಬ್ಬ ಸಿಪಾಯಿ, ಮರಳಿ ಬರುತ್ತೇನೆಂದು ಹೂತಿಟ್ಟ ಗಂಟು.’

ಸಂಗ್ರಹಾಲಯದ ನಿರ್ದೇಶಕಿ ಕೆಟ್ಟವಳಲ್ಲ. “ಸರ್, ನೀವು ತೆಗೆದ ಫೋಟೋದಲ್ಲಿ ಬರೀ ಹಸಿರು ಮಬ್ಬು ಕಾಣುತ್ತೆ. ಸಮಿತಿ ಒಪ್ಪಲ್ಲ. ನಾಣ್ಯವನ್ನೇ ಮೇಲೆ ತನ್ನಿ. ಜನರಲ್ ಎದುರಿಗೇ ನೋಡಲಿ. ತೇಪೆ ಕಂಡರೆ ನಿಮ್ಮ ಫಲಕವನ್ನೇ ಹಾಕಿಸ್ತೀನಿ, ಮಾತು ಕೊಡ್ತೀನಿ,” ಅಂದಿದ್ದಳು.

ಉದ್ಘಾಟನೆಯ ದಿನ ಅವನು ಹಳೆಯ ಕೋಟು ಹಾಕಿಕೊಂಡ. ಸಭಾಕೊಠಡಿಯ ಹೊರಗಿನ ಉದ್ದ ಮೊಗಸಾಲೆಯಲ್ಲಿ ಗಂಡ ಹೆಂಡತಿ ಬೆಂಚಿನ ಮೇಲೆ ಕೂತರು. ಹತ್ತಿಯ ಮೆತ್ತೆಯಿದ್ದ ಚಿಕ್ಕ ಡಬ್ಬಿ ಅವನ ಕೈಯಲ್ಲಿ.

“ಬೆವರ್ತಾ ಇದೀರಿ. ಮದುವೆ ದಿನಾನೂ ಹೀಗೆ ಬೆವರಿರಲಿಲ್ಲ.”

“ಅವತ್ತು ಎದುರಿಗೆ ನೀನಿದ್ದೆ. ಇವತ್ತು ಜನರಲ್ ಇದಾನೆ.”

“ನನಗಿಂತ ಜೋರಾ ಅವನು?” ಎಂದು ನಕ್ಕಳು. “ಕೂತಿರಿ, ನೀರು ತರ್ತೀನಿ. ಫಲಕ ಹಾಕಲಿ, ಕುಳ್ಳಣ್ಣನ ತಾಯಿನ ಕರ್ಕೊಂಡು ಬಂದು ತೋರಿಸೋಣ. ಅವರಿಗೆ ಕಣ್ಣು ಕಾಣಲ್ಲ, ನಾನು ಓದಿ ಹೇಳ್ತೀನಿ.”

ಅವಳು ಹೋದಳು. ಅವನು ಇನ್ನೊಮ್ಮೆ ನೋಡೋಣವೆಂದು ನಾಣ್ಯವನ್ನು ಎಡಗೈಗೆ ತೆಗೆದುಕೊಂಡ. ತೇಪೆ ಇತ್ತು.

ಆಗ ಮೊಗಸಾಲೆಯ ಆ ತುದಿಯಲ್ಲಿ ಬೂಟುಗಳ ಸದ್ದಾಯಿತು. ಒಂದೇ ಅಳತೆಯ, ಒಂದೇ ಲಯದ ಹೆಜ್ಜೆ. ಯಾರೋ ಅಧಿಕಾರದ ದನಿಯಲ್ಲಿ ಕೂಗಿದರು: “ಅಟೆನ್ಶನ್!”

ಹವಾಲ್ದಾರ ಎದ್ದು ನಿಂತ. ಬಲಗೈ ಜೇಬಿನ ಕರ್ಚೀಫು ಎಳೆಯಿತು. ಬಾಯಿ ‘ಹ್ಹಾ’ ಎಂದು ನಾಣ್ಯದ ಮೇಲೆ ಉಸಿರು ಬಿಟ್ಟಿತು. ಕೈ ಉಜ್ಜಿತು, ಗುಂಡಗೆ, ಬಿರುಸಾಗಿ, ಗುಂಡಗೆ. ಸಾಹೇಬರು ಸಾಲು ನೋಡಲು ಬರುವ ಮುಂಚೆ ಹಿತ್ತಾಳೆ ಗುಂಡಿಯನ್ನು ಹಾಗೆ ಉಜ್ಜುವುದನ್ನು ಆ ಕೈಗೆ ಹೊಡೆದು, ಬೈದು, ಉಪವಾಸ ಕೆಡವಿ ಕಲಿಸಿದ್ದರು. ಸೈನ್ಯ ಬಿಡುವಾಗ ಬಂದೂಕು ವಾಪಸು ಇಸಿದುಕೊಂಡರು, ಬೂಟು, ಕಂಬಳಿ, ತಟ್ಟೆ ಇಸಿದುಕೊಂಡರು. ಕೈಯೊಳಗೆ ತುಂಬಿದ್ದನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ.

“ರೀ!” ನೀರಿನ ಲೋಟ ಹೆಂಡತಿಯ ಕೈಯಿಂದ ಬಿತ್ತು. “ರೀ, ಏನ್ ಮಾಡ್ತಿದೀರಿ?”

ಅವನು ಕೈ ನೋಡಿಕೊಂಡ. ನಾಣ್ಯ ಹೊಳೆಯುತ್ತಿತ್ತು. ರಾಜನ ಮೂಗು, ರಾಜನ ಕಿರೀಟ. ಅಷ್ಟೇ.

ಸಭಾಕೊಠಡಿಯಲ್ಲಿ ನಿರ್ದೇಶಕಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ತಿರುಗಿಸಿ ನೋಡಿದಳು. ಅವಳ ಮುಖದಲ್ಲೂ ಆಸೆಯಿತ್ತು. “ಎಲ್ಲಿ ಸರ್, ತೇಪೆ?”

“ಇತ್ತು,” ಎಂದ ಹವಾಲ್ದಾರ. “ನಾನೇ ಉಜ್ಜಿಬಿಟ್ಟೆ.”

ಸಮಿತಿಯವರೊಬ್ಬರು ಕೆಮ್ಮಿದರು. ಜನರಲ್ ನಾಣ್ಯವನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ. “ಉಳಿದವೆಲ್ಲಕ್ಕಿಂತ ಇದೇ ಚೆನ್ನಾಗಿ ಹೊಳೀತಿದೆಯಲ್ಲ! ನೋಡ್ರೀ, ಹಳೇ ಸಿಪಾಯಿ ಕೈ ಅಂದ್ರೆ ಹೀಗಿರಬೇಕು. ಇದನ್ನೇ ನಡುವೆ ಇಡಿ. ಶಾಬಾಶ್!”

ಹವಾಲ್ದಾರನ ಬಲಗೈ ಹಣೆಯ ಕಡೆಗೆ ಏಳತೊಡಗಿತು. ಎದೆಯ ಮಟ್ಟಕ್ಕೆ ಬಂದಾಗ ಹೆಂಡತಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಎಳೆದುಕೊಂಡಳು. ದೊಡ್ಡವರೆಲ್ಲ ನೋಡುತ್ತಿದ್ದರು. ಅವಳು ಬಿಡಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಕೂತಾಗ ಒಳಗಿನಿಂದ ಚಪ್ಪಾಳೆ ಕೇಳಿಸಿತು. ರಾಜನ ಫಲಕದ ಪರದೆ ಸರಿದಿತ್ತು.

“ಕೆಲಸಕ್ಕೆ ಬಾರದ ಕೈ,” ಎಂದ ಅವನು. “ಅವತ್ತು ಕಾಲು. ಇವತ್ತು ಕೈ. ನಂದು ಅನ್ನೋದು ಏನಿದೆಯೇ ಇದರಲ್ಲಿ?”

ಅವಳು ಸೆರಗಿನಿಂದ ಅವನ ಮುಖ ಒರೆಸಿದಳು. ಅವನ ಮುಷ್ಟಿಯಲ್ಲಿ ಮುದುರಿದ್ದ ಕರ್ಚೀಫನ್ನು ಮೆಲ್ಲಗೆ ಬಿಡಿಸಿಕೊಂಡಳು. ಅದರ ನಡುವೆ ಒಂದಿಷ್ಟು ಹಸಿರು ಪುಡಿ ಮೆತ್ತಿತ್ತು, ಉಗುರಿನಲ್ಲಿ ಎತ್ತುವಷ್ಟು. ಕೊಳೆ ಕಂಡರೆ ಕೊಡವುವುದು ಅವಳ ಅಭ್ಯಾಸ. ಕೊಡವಲು ಎತ್ತಿದ ಕೈ ಹಾಗೇ ನಿಂತಿತು.

“ಏನ್ ಮಾಡಲ್ರೀ ಇದನ್ನ?”

ಹವಾಲ್ದಾರ ಆ ಪುಡಿಯನ್ನು ನೋಡಿದ. ಯಾವನೋ ಸಿಪಾಯಿ. ಯಾವಳೋ ಹಾಕಿದ ತೇಪೆ.

“ಗಂಟು ಹಾಕು,” ಅಂದ. “ಗಟ್ಟಿಯಾಗಿ ಹಾಕು. ಯಾರು ಕೇಳಿದ್ರೂ ಬಿಚ್ಚಬೇಡ.”